ಸತ್ತವನಿಗೆ ಕೋವಿಮದ್ದು ಮಾರಿದ್ದು

ನನ್ನ ಅರ್ಧ ಆಯುಷ್ಯ ಬೇರೆಯವರ ಹೆಸರು ಕೇಳುವುದರಲ್ಲೇ ಕಳೆದುಹೋಗಿದೆ. ಹೆಸರೇನು, ತಂದೆಯ ಹೆಸರೇನು, ಯಾವ ಊರು, ನೀನೇನಾ ಅವನು? ಸಾಕಾಗಿದೆ. ಅದಕ್ಕೇ ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ನನ್ನದನ್ನೂ.

ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ, ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ, ನಮ್ಮದು ಕೋವಿ ಮತ್ತು ಕೋವಿಮದ್ದಿನ ಅಂಗಡಿ. ಕೋವಿ ಅಂಗಡಿ ಎಂದಕೂಡಲೇ ಗೋಡೆ ತುಂಬ ಬಂದೂಕು ನೇತುಹಾಕಿತ್ತೆಂದು ತಿಳಿಯಬೇಡಿ. ಗಾಜಿನ ಕಪಾಟಿನಲ್ಲಿ ಮೂರೋ ನಾಲ್ಕೋ ಕೋವಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಮದ್ದು, ಸೀಸದ ಚರೆ, ಗಣಿಯ ದೊರೆಗಳಿಗೆ ಬೇಕಾದ ತೋಟಾ, ಇಷ್ಟೇ. ಇದರಿಂದ ಹೊಟ್ಟೆ ತುಂಬುವುದಿಲ್ಲವೆಂದು ಟಾರ್ಚು, ಬೀಗ, ಮೀನಿನ ಗಾಳಗಳನ್ನೂ ಮಾರುತ್ತಿದ್ದೆವು. ಗಣಿಯೊಳಗೆ ಬಂಡೆ ಸಿಡಿದಾಗ ನೆಲ ನಡುಗಿ ಕಪಾಟಿನ ಗಾಜು ಗದಗುಟ್ಟುತ್ತಿತ್ತು. ಹೊಸಬರು ನಮ್ಮ ಅಂಗಡಿಯೇ ಸಿಡಿಯಿತೆಂದು ಬೀದಿಗೆ ಓಡುತ್ತಿದ್ದರು. ನಿಜ ಹೇಳಬೇಕೆಂದರೆ ಆ ಅಂಗಡಿಯಲ್ಲಿ ನಾನು ಹೆದರುತ್ತಿದ್ದದ್ದು ಮದ್ದಿಗಲ್ಲ, ಅದನ್ನು ಕೊಳ್ಳಲು ಬರುವವರಿಗೆ.

ಅಂಗಡಿ ಮೂಲತಃ ನನ್ನ ಮಾವನದು, ಅಂದರೆ ಹೆಂಡತಿಯ ತಂದೆಯದು. ಐವತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡಾಗ, ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ, ಅಂಗಡಿ ನನ್ನ ಪಾಲಿಗೆ ಬಂತು. ಅಂಗಡಿ ಬಂತು, ಲೈಸೆನ್ಸ್ ಬರಲಿಲ್ಲ. ಅದು ಮಾವನ ಹೆಸರಿನಲ್ಲಿತ್ತು, ಅವರ ಜೊತೆಗೇ ಹೋಯಿತು. ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೋಲಾರಕ್ಕೆ ಅಲೆದು ಅಲೆದು ಚಪ್ಪಲಿ ಸವೆಯಿತು. ಅಷ್ಟು ದಿನವೂ ಬಾಗಿಲಿಗೆ ಅರಗಿನ ಮುದ್ರೆ. ಆಗ ನಾನು ಟಾರ್ಚು, ಬೀಗಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಆಂಡರ್ಸನ್‌ಪೇಟೆಯ ಬೀದಿಬೀದಿಯಲ್ಲಿ ಕೂಗಿ ಮಾರಿದ್ದೇನೆ. ಬಿಟ್ಟರೆ ಗಣಿಗೆ ಇಳಿಯಬೇಕಿತ್ತು. ನನ್ನಪ್ಪ ಇಳಿದಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತು ಕೆಮ್ಮಿ ಕೆಮ್ಮಿ ಸತ್ತ. ಸಾಯುವ ಮುಂಚೆ ನನ್ನ ಕೈ ಹಿಡಿದು, ಭಿಕ್ಷೆ ಬೇಡಿದರೂ ಸರಿ, ಒಳಗೆ ಮಾತ್ರ ಇಳಿಯಬೇಡ ಎಂದಿದ್ದ. ನನ್ನನ್ನು ನೆಲದ ಮೇಲೆ ಉಳಿಸಿದ್ದು ಆ ಅಂಗಡಿಯ ಲೈಸೆನ್ಸ್. ವರ್ಷದ ಕೊನೆಗೆ ಅದು ನವೀಕರಣವಾಗಿ ಕೈಗೆ ಬರುವವರೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಆಯುಧಗಳ ಹೊಸ ಕಾನೂನು ಬಂತು. ಹಳೆಯದರಲ್ಲೂ ಬಿಗಿ ಇತ್ತು, ಹೊಸದರಲ್ಲಿ ಗಂಟಿನ ಮೇಲೆ ಗಂಟು. ಕೊಳ್ಳುವವನು ಖುದ್ದಾಗಿ ಬರಬೇಕು, ಲೈಸೆನ್ಸ್ ತರಬೇಕು, ಅದರಲ್ಲಿರುವವನು ಇವನೇ ಎಂದು ಮಾರುವವನು ಖಾತ್ರಿ ಮಾಡಿಕೊಳ್ಳಬೇಕು, ಎಷ್ಟು ಕೊಟ್ಟೆನೆಂದು ಲೈಸೆನ್ಸಿನ ಬೆನ್ನಿಗೆ ಬರೆದು ಸೀಲು ಒತ್ತಬೇಕು, ಠಾಣೆಗೆ ತಿಳಿಸಬೇಕು. ಎಲ್ಲ ಸರಿ, ಆದರೆ ಇವನೇ ಅವನು ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಹಳ್ಳಿಯವರು ತರುತ್ತಿದ್ದ ಲೈಸೆನ್ಸಿನಲ್ಲಿ ಫೋಟೋ ಇರುತ್ತಿರಲಿಲ್ಲ. ಹೆಸರು, ತಂದೆಯ ಹೆಸರು, ಊರು, ಕೋವಿಯ ವಿವರ, ಮುಗಿಯಿತು. ಮಿಕ್ಕಿದ್ದಕ್ಕೆಲ್ಲ ಅಂಗಡಿಯವನ ವಿವೇಚನೆಯೇ ಗತಿ. ನನ್ನ ವಿವೇಚನೆ ಎಷ್ಟೆಂದು ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು.

ಸಾಲದ್ದಕ್ಕೆ ನಮ್ಮದು ಗಡಿಯ ಊರು. ಆಂಧ್ರದ ಕಡೆಯವನು ತೆಲುಗಿನಲ್ಲಿ ಬರೆದ ಕಾಗದ ತರುತ್ತಿದ್ದ, ಮದರಾಸು ಸೀಮೆಯವನು ತಮಿಳಿನದು. ತೆಲುಗು ಹೇಗೋ ಓದಿಕೊಳ್ಳುತ್ತಿದ್ದೆ. ತಮಿಳು ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಪಕ್ಕದ ಅಂಗಡಿಯ ದರ್ಜಿ ಬಾಯಲ್ಲಿ ದಾರ ಕಚ್ಚಿಕೊಂಡೇ ಓದಿ ಹೇಳುತ್ತಿದ್ದ. ಮೈಸೂರು ಮೈನ್ಸ್ ಕಡೆಯ ಬಂಗಲೆಯ ದೊರೆಯೊಬ್ಬನನ್ನು ದಿನವೂ ಪೇಟೆಯಲ್ಲಿ ನೋಡುತ್ತಿದ್ದೆ. ಆದರೂ ಅವನು ತೋಟಾ ಕೇಳಲು ಬಂದಾಗ ಹೆಸರು ಕೇಳಿದೆ. ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಮಾರನೆಯ ದಿನ ಬಟ್ಲರನನ್ನು ಕಳಿಸಿದ, ನಾನು ವಾಪಸು ಅಟ್ಟಿದೆ. ಕೊನೆಗೆ ತಾನೇ ಬಂದು ಲೈಸೆನ್ಸನ್ನು ಮೇಜಿಗೆ ಬಡಿದು, ತನ್ನ ಹೆಸರು, ಅಪ್ಪನ ಹೆಸರು, ಕೇಳದಿದ್ದರೂ ತಾತನ ಹೆಸರನ್ನೂ ಬೀದಿಗೆಲ್ಲ ಕೇಳುವಂತೆ ಹೇಳಿ ತೋಟಾ ಕೊಂಡುಹೋದ.

ಹೆಂಡತಿ ಅಂಗಡಿಗೆ ಊಟದ ಕ್ಯಾರಿಯರ್ ತಂದಾಗ ಇಂಥವನ್ನೆಲ್ಲ ನೋಡಿ ನಗುತ್ತಿದ್ದಳು.

"ಗಿರಾಕಿ ಬಂದ್ರೆ ಕೂತ್ಕೊಳ್ಳಿ ಅನ್ನೋರನ್ನ ಕಂಡಿದೀನಿ. ನೀವೊಬ್ರೇ ನೀನ್ಯಾರು ಅನ್ನೋರು. ಒಂದಿನ ನನ್ನನ್ನೂ ಕೇಳ್ತೀರಿ."

"ನಿಯಮ ಕಣೇ" ಎಂದರೆ, "ನಿಮಗೆ ಕೋಪ ಮಾಡ್ಕೊಳ್ಳೋಕೂ ಒಂದು ನಿಯಮ ಸಿಕ್ತು" ಎನ್ನುತ್ತಿದ್ದಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನು, ಅದು ಸುಳ್ಳಲ್ಲ.

ಹೀಗಿರುವಾಗ ಕಡಲೆಕಾಯಿ ಬಲಿಯುವ ಕಾಲದ ಒಂದು ಮಧ್ಯಾಹ್ನ ಬಂಗಾರಪೇಟೆ ಕಡೆಯ ಹಳ್ಳಿಯ ರೈತನೊಬ್ಬ ಬಂದ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ತಲೆಗೆ ಕೆಂಪಂಚಿನ ದೊಡ್ಡ ರುಮಾಲು. ಕಟ್ಟಲು ಇನ್ನೂ ಕೈ ಪಳಗಿರಲಿಲ್ಲವೋ ಏನೋ, ಮಾತಿಗೊಮ್ಮೆ ಅದನ್ನು ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ.

"ತುಪಾಕಿಗೆ ಮದ್ದು ಬೇಕಿತ್ತು ಸ್ವಾಮಿ. ಅಂದಿ ಕಾಟ. ಕಡ್ಲೇಕಾಯಿ ಒಲಾನೆಲ್ಲ ಬಗ್ದಾಕ್ತಾ ಅವೆ."

ನಮ್ಮ ಕಡೆಯ ಹಳ್ಳಿಗಳಲ್ಲಿ ಕೋವಿಗೆ ತುಪಾಕಿ ಎಂದೇ ಹೆಸರು. ನಾನು ಲೈಸೆನ್ಸ್ ಬಿಡಿಸಿ ಎದುರಿಗಿಟ್ಟುಕೊಂಡೆ. ಅವಧಿ ಇನ್ನೂ ಇತ್ತು. ಹೆಸರು ಕೇಳಿದೆ, ಕಾಗದದಲ್ಲಿದ್ದದ್ದನ್ನೇ ಹೇಳಿದ. ತಂದೆಯ ಹೆಸರು ಕೇಳಿದೆ, ಅದೂ ತಾಳೆಯಾಯಿತು. ಊರು, ಕೋವಿಯ ವಿವರ, ಎಲ್ಲ ಸರಿ.

"ನೀನೇನಾ ಇವನು?" ಎಂದೆ ಕೊನೆಗೆ.

"ಊ ಸ್ವಾಮಿ. ನಾನೇ."

ಮದ್ದು ತೂಗಿ, ಚರೆ ಕಟ್ಟಿ, ಸೀಲು ಒತ್ತಿ ಕಳಿಸಿದೆ. ಇಷ್ಟು ಚೊಕ್ಕವಾಗಿ ಉತ್ತರ ಕೊಡುವ ಗಿರಾಕಿಗಳೇ ಎಲ್ಲರೂ ಆಗಿದ್ದರೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಠಾಣೆಗೆ ಹೋಗಬೇಕಾದ ಚೀಟಿಯನ್ನು ಅವತ್ತೇ ಕಳಿಸಿದೆ.

ಡಿಸೆಂಬರಿನಲ್ಲಿ, ನನ್ನ ಲೈಸೆನ್ಸ್ ನವೀಕರಣದ ಅರ್ಜಿ ಹೋಗಿ ಕೂತಿದ್ದ ಹೊತ್ತಿನಲ್ಲಿ, ಪೊಲೀಸ್ ದಫೇದಾರ ಅಂಗಡಿಗೆ ಬಂದ. ಕೈಯಲ್ಲಿ ನಾನು ಕಳಿಸಿದ ಚೀಟಿ.

"ಈ ಮನುಷ್ಯನಿಗೆ ಮದ್ದು ಕೊಟ್ಟಿದೀರಾ?"

"ಕೊಟ್ಟಿದೀನಿ. ಖುದ್ದಾಗಿ ಬಂದಿದ್ದ. ಎಲ್ಲ ಕೇಳೇ ಕೊಟ್ಟಿದೀನಿ."

"ತನಿಖೆಗೆ ಆ ಊರಿಗೆ ಹೋಗಿದ್ದೆ. ಅವನು ಸತ್ತು ವರ್ಷದ ಮೇಲಾಯ್ತು."

"ಏನ್ರೀ ಹೇಳ್ತೀರಿ? ಮೂರು ತಿಂಗಳ ಹಿಂದೆ ಇಲ್ಲೇ ನಿಂತಿದ್ದ. ನಾನು ಕಣ್ಣಾರೆ ನೋಡಿದೀನಿ."

"ಹಂಗಾದ್ರೆ ಹಂದಿ ಕಾಟಕ್ಕೆ ಎದ್ದು ಬಂದಿರ್ಬೇಕು" ಎಂದ ದಫೇದಾರ. ನನಗೆ ನಗು ಬರಲಿಲ್ಲ. ಅವನೂ ಆಮೇಲೆ ನಗು ಬಿಟ್ಟು ವಿಷಯಕ್ಕೆ ಬಂದ. ಸತ್ತವನ ಲೈಸೆನ್ಸಿನ ಮೇಲೆ ಯಾರೋ ಬಂದು ಮದ್ದು ಕೊಂಡಿದ್ದಾರೆ, ಅಂಗಡಿಯವನು ನೋಡದೆ ಕೊಟ್ಟಿದ್ದಾನೆ. ಬಂಗಾರಪೇಟೆಯಲ್ಲಿ ತಾಲೂಕಿನ ಅಮಲ್ದಾರರು ವಿಚಾರಣೆ ನಡೆಸುತ್ತಾರೆ. ಅದು ಮುಗಿಯುವವರೆಗೆ ಮದ್ದು, ತೋಟಾ ಏನೂ ಮಾರುವಂತಿಲ್ಲ. ನವೀಕರಣವೂ ಅದರ ಮೇಲೆಯೇ ನಿಂತಿದೆ.

ಅವನು ಹೋದ ಮೇಲೆ ನಾನು ಆ ರುಮಾಲಿನವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈದು ಬೈದು ಸುಸ್ತಾದಾಗ ಹೆದರಿಕೆ ಶುರುವಾಯಿತು. ಮತ್ತೆ ಅರಗಿನ ಮುದ್ರೆ, ಮತ್ತೆ ಬುಟ್ಟಿ. ಈ ಸಲ ಮನೆಯಲ್ಲಿ ಎರಡು ಪುಟ್ಟ ಮಕ್ಕಳೂ ಇದ್ದವು, ಬುಟ್ಟಿಯಲ್ಲಿ ಅವುಗಳ ಹೊಟ್ಟೆ ತುಂಬುವುದಿಲ್ಲ. ಗಣಿಯ ಪಾಳಿಯ ಸೈರನ್ ಕೂಗಿದಾಗಲೆಲ್ಲ ನನ್ನನ್ನೇ ಕರೆದಂತಾಗುತ್ತಿತ್ತು.

ಹೆಂಡತಿಯೇ ದಾರಿ ಹೇಳಿದಳು. "ಕೂತ್ಕೊಂಡು ಬೈದ್ರೆ ಸತ್ತೋನು ಬಂದು ಸಾಕ್ಷಿ ಹೇಳ್ತಾನಾ? ನಡೀರಿ, ಆ ಊರಿಗೇ ಹೋಗಿ ನೋಡೋಣ. ನೀವೊಬ್ರೇ ಬೇಡ. ಹೋದವರು ಯಾರಿಗಾದ್ರೂ ಹೊಡೆದು ಬರ್ತೀರಿ."

ಅವಳ ತವರು ಬಂಗಾರಪೇಟೆ. ಮಕ್ಕಳನ್ನು ಅಲ್ಲಿ ಅವಳ ತಾಯಿಯ ಬಳಿ ಬಿಟ್ಟು ಕುದುರೆಗಾಡಿ ಹಿಡಿದು ಹೊರಟೆವು. ಊರು ಇನ್ನೂ ಸ್ವಲ್ಪ ದೂರವಿದ್ದಾಗ ಕೆರೆ ಏರಿಯ ಹತ್ತಿರ ಗಾಡಿ ನಿಂತಿತು. ತೂಬಿನ ಬಳಿ ಜನ ಸೇರಿದ್ದರು. ನೀರಗಂಟಿ, ಎಂದರೆ ಗದ್ದೆಗಳಿಗೆ ನೀರು ಹಂಚುವವನು, ಏರಿಯ ಮೇಲೆ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಸರದಿ ಕೂಗುತ್ತಿದ್ದ. ನಾವು ಗಾಡಿಯಿಂದ ಇಳಿಯುತ್ತಿರುವಾಗಲೇ ಅವನು ಕೂಗಿದ ಹೆಸರು ಕೇಳಿ ನಾನು ಹೆಂಡತಿಯ ತೋಳು ಹಿಡಿದುಕೊಂಡೆ. ಅದು ಆ ಲೈಸೆನ್ಸಿನಲ್ಲಿದ್ದ ಹೆಸರು.

"ಓ, ಬಂದೇ!" ಎಂದು ಗದ್ದೆಯಿಂದ ಗುದ್ದಲಿ ಹಿಡಿದು ಎದ್ದು ಬಂದವನು ಅದೇ ಕೆಂಪಂಚಿನ ರುಮಾಲಿನವನು.

"ಸತ್ತೋರು ಓಗೊಡ್ತಾ ಇದಾರಲ್ರೀ" ಎಂದಳು ಹೆಂಡತಿ.

ನಾನು ಏರಿ ಇಳಿದು ಹೋಗಿ ಅವನ ಎದುರಿಗೆ ನಿಂತೆ. ಅವನು ನನ್ನನ್ನು ನೋಡಿ ಓಡಲಿಲ್ಲ. ಹಲ್ಲು ಬಿಟ್ಟು ನಕ್ಕ.

"ಬನ್ನಿ ಸ್ವಾಮಿ! ಏನ್ ಇಷ್ಟು ದೂರ? ಅಕ್ಕಾರೂ ಬಂದವ್ರೆ. ಮಜ್ಜಿಗೆ ಕುಡೀರಿ ಬನ್ನಿ."

"ಮಜ್ಜಿಗೆ ಹಾಳಾಗ್ಲಿ! ಯಾರೋ ನೀನು? ಸತ್ತವನ ಹೆಸರು ಹೇಳಿ ನನ್ನ ಹತ್ರ ಮದ್ದು ಯಾಕೋ ತಗೊಂಡೆ? ಸುಳ್ಳು ಯಾಕೋ ಹೇಳಿದೆ?"

ಅವನ ನಗು ಹೋಯಿತು, ಆದರೆ ಮುಖದಲ್ಲಿ ಕಳ್ಳತನ ಕಾಣಲಿಲ್ಲ. ಅರ್ಥವಾಗದವನ ಹಾಗೆ ನಿಂತ.

"ಸುಳ್ ಎಲ್ ಏಳ್ದೆ ಸ್ವಾಮಿ? ಅಪ್ಪ ಓದ ಮೇಲೆ ಅನ್ನೊಂದನೇ ದಿನ ಊರ್ನೋರೆಲ್ಲ ಸೇರಿ ಅಪ್ಪನ್ ರುಮಾಲು ನನ್ ತಲೆಗೆ ಕಟ್ಟುದ್ರು. ತುಪಾಕಿ ತಂದು ಕೈಗಿಟ್ಟು, ಇನ್ಮೇಲೆ ನೀನೇ ಕಣ್ಲಾ ಅವನು ಅಂದ್ರು. ಅವತ್ನಿಂದ ನೀರಿನ್ ಸರದಿಗೆ ಕೂಗೋದೂ ಅಪ್ಪನ್ ಎಸ್ರೇ, ದ್ಯಾವ್ರ ಕಾಯಿಗೆ ಕರ್ಯೋದೂ ಅಪ್ಪನ್ ಎಸ್ರೇ. ನಾನೇ ಓಗೊಡೋದು. ನೀವು ತುಪಾಕಿ ಕಾಗ್ದ ಇಟ್ಕೊಂಡು ಎಸ್ರೇನು ಅಂದ್ರಿ, ತುಪಾಕಿ ಯಜಮಾನನ್ ಎಸ್ರು ಏಳ್ದೆ. ತಂದೆ ಎಸ್ರು ಕೇಳುದ್ರಿ, ಅವನ್ ತಂದೆ ಎಸ್ರು ಏಳ್ದೆ."

ಸುತ್ತ ನಿಂತವರೆಲ್ಲ ಹೌದೆಂದು ತಲೆ ಆಡಿಸಿದರು. ದಫೇದಾರ ಬಂದು ಆ ಹೆಸರಿನವನು ಇದ್ದಾನೋ ಸತ್ತಿದ್ದಾನೋ ಎಂದು ಕೇಳಿದ್ದಾನೆ, ಸತ್ತಿದ್ದಾನೆ ಎಂದಿದ್ದಾರೆ. ಅದೂ ನಿಜವೇ. ನೀರಗಂಟಿಯಂತೂ ನನ್ನನ್ನೇ ದಡ್ಡನಂತೆ ನೋಡಿದ.

"ಲೈಸೆನ್ಸ್ ಅಂದ್ರೆ ರುಮಾಲಲ್ಲ ಕಣಯ್ಯಾ, ಒಂದು ತಲೆಯಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟೋಕೆ" ಎಂದೆ. ಮಾವನ ಲೈಸೆನ್ಸಿಗಾಗಿ ಚಪ್ಪಲಿ ಸವೆಸಿದವನಿಗೆ ಈ ಮಾತು ಹೇಳುವ ಹಕ್ಕು ಇತ್ತು. "ಈಗ ನನ್ನ ಅಂಗಡಿ ಮುಚ್ಚಿಸ್ತಾರೆ. ನಿನ್ನ ಮೇಲೂ ಕೇಸು ಹಾಕ್ತಾರೆ."

ತನ್ನ ಮೇಲಿನ ಕೇಸಿನ ಮಾತು ಅವನ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ನನ್ನಿಂದ ನಿಮ್ ಅಂಗ್ಡಿ ಓಗ್ತದಾ ಸ್ವಾಮಿ? ಮಕ್ಕಳೊಂದಿಗರು ನೀವು. ನಾನ್ ಬತ್ತೀನಿ. ಯಾವ ಕಚೇರಿಗ್ ಬೇಕಾದ್ರೂ ಬತ್ತೀನಿ, ಇದ್ದದ್ದು ಇದ್ದಂಗೆ ಏಳ್ತೀನಿ."

ಅಷ್ಟು ಹೊತ್ತು ಕುದಿಯುತ್ತಿದ್ದ ನನಗೆ ಅವನನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹೆಂಡತಿ ಅವನ ಮನೆಯ ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿದಳು. ನಾನೂ ಕುಡಿದೆ.

ವಿಚಾರಣೆಯ ದಿನ ಅವನು ನನಗಿಂತ ಮುಂಚೆಯೇ ಬಂದು ಕಚೇರಿಯ ಮೆಟ್ಟಿಲ ಬಳಿ ಕೂತಿದ್ದ. ಕೋವಿಯನ್ನು ಹಿಂದಿನ ದಿನವೇ ದಫೇದಾರ ವಶಕ್ಕೆ ತೆಗೆದುಕೊಂಡಿದ್ದ. ಅಮಲ್ದಾರರು ನರೆತ ಕೂದಲಿನ, ನಿಧಾನ ಮಾತಿನ ಮನುಷ್ಯ. ಮೊದಲು ನನ್ನನ್ನು ವಿಚಾರಿಸಿದರು. ನಾನು ಕೇಳಿದ ಪ್ರಶ್ನೆಗಳನ್ನೂ ಅವನು ಕೊಟ್ಟ ಉತ್ತರಗಳನ್ನೂ ಒಂದೂ ಬಿಡದೆ ಹೇಳಿದೆ. ಆಮೇಲೆ ಅವರು ರೈತನ ಕಡೆ ತಿರುಗಿ ಹೆಸರೇನೆಂದು ಕೇಳಿದರು.

ಅವನು ಅಭ್ಯಾಸಬಲದಿಂದ ಅಪ್ಪನ ಹೆಸರನ್ನೇ ಹೇಳಿಬಿಟ್ಟ!

ಮುಗಿಯಿತು, ಇವನು ನನ್ನನ್ನು ಗಣಿಗೆ ಇಳಿಸಿಯೇ ಬಿಟ್ಟ ಎಂದುಕೊಂಡೆ. ಅಮಲ್ದಾರರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ನಿಮ್ಮಪ್ಪನ ಹೆಸರು. ನಾನು ಕೇಳಿದ್ದು ನಿನ್ನ ಹೆಸರು. ನಿಮ್ಮವ್ವ ನಿನ್ನನ್ನ ಏನಂತ ಕರೀತಾಳೆ?"

"ಯಜಮಾನ ಅಂತಾಳೆ ಸ್ವಾಮಿ."

"ಅದಕ್ಕೆ ಮುಂಚೆ?"

ಅವನು ರುಮಾಲನ್ನು ಮುಟ್ಟಿ ನೋಡಿಕೊಂಡ. ಆಮೇಲೆ ತನ್ನ ಹೆಸರು ಹೇಳಿದ. ಎಷ್ಟು ಸಣ್ಣ ದನಿಯಲ್ಲಿ ಎಂದರೆ ಬರೆದುಕೊಳ್ಳುತ್ತಿದ್ದ ಗುಮಾಸ್ತ ಇನ್ನೊಂದು ಸಲ ಹೇಳಿಸಿದ.

"ತಂದೆ?" ಎಂದ ಗುಮಾಸ್ತ.

"ಇಲ್ಲ."

"ಇಲ್ಲ ಅಂದ್ರೆ ಆಗಲ್ಲಪ್ಪ. ಹೇಳಿಕೆ ಇದು. ಬಾಯಿ ಬಿಟ್ಟು ಹೇಳು, ಬರ್ಕೊಬೇಕು."

"ನಮ್ಮಪ್ಪ" ಎಂದ ಅವನು. "ನಮ್ಮಪ್ಪ ಸತ್ತೋದ ಸ್ವಾಮಿ."

ಅಷ್ಟು ಹೇಳಿ ಆ ಗಟ್ಟಿ ಆಳು ಕುಸಿದು ಕೂತುಬಿಟ್ಟ. ರುಮಾಲಿನ ಸೆರಗನ್ನು ಬಾಯಿಗೆ ತುರುಕಿಕೊಂಡರೂ ಅಳು ನಿಲ್ಲಲಿಲ್ಲ. ಗುಮಾಸ್ತ ಲೇಖನಿ ಕೆಳಗಿಟ್ಟ. ಜವಾನ ಬಾಗಿಲಿಗೆ ಬಂದು ಇಣುಕಿದ. ಅಮಲ್ದಾರರು ನೀರು ತರಿಸಿದರು.

"ತಪ್ಪಾಯ್ತು ಸ್ವಾಮಿ" ಎಂದ ಅವನು ಬಿಕ್ಕುತ್ತ. "ರುಮಾಲು ಕಟ್ಟುಸ್ಕೊಂಡೋನು ಅಳ್ಬಾರ್ದು ಅಂದಿದ್ರು. ಮನೇಲಿ ಎಲ್ರೂ ಅತ್ರು. ನಾನೊಬ್ಬ ಅಳ್ಲಿಲ್ಲ."

"ಅದು ನಿಮ್ಮೂರ ಕಟ್ಟಳೆ. ಈ ಕಚೇರೀಲಿ ಹಂಗೇನಿಲ್ಲ. ಅಳು" ಎಂದರು ಅಮಲ್ದಾರರು.

ಅವನು ಅತ್ತ. ನಾವು ಮೂವರೂ ಬೇರೆ ಬೇರೆ ಕಡೆ ನೋಡುತ್ತ ಕಾದೆವು. ಇವನನ್ನು ಕಂಡಕಂಡ ದೇವರ ಹೆಸರೆತ್ತಿ ಶಪಿಸಿದ್ದ ನನ್ನ ಕಣ್ಣಲ್ಲೂ ನೀರು ಬಂತು. ನನ್ನಪ್ಪ ಸತ್ತಾಗ ನಾನು ಬೇಕಾದಷ್ಟು ಅತ್ತಿದ್ದೆ. ಯಾರೂ ಬೇಡವೆಂದಿರಲಿಲ್ಲ.

ಆಮೇಲೆ ಅಮಲ್ದಾರರು ತೀರ್ಮಾನ ಹೇಳಿದರು. ಮೋಸದ ಉದ್ದೇಶ ಯಾರಲ್ಲೂ ಕಾಣುವುದಿಲ್ಲ ಎಂದು ಕೋಲಾರಕ್ಕೆ ವರದಿ ಹೋಗುತ್ತದೆ. ಅವನು ಅವತ್ತೇ ತನ್ನ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಅದು ಬರುವವರೆಗೆ, ಸತ್ತವರ ಕೋವಿಗಳನ್ನು ಇಡುವ ಪದ್ಧತಿಯಂತೆ, ಆ ಕೋವಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿಯಾಗಿರಬೇಕು.

"ಯಾವ ಅಂಗಡಿ ಸ್ವಾಮಿ?" ಎಂದೆ.

"ನಿಮ್ಮದೇ. ಇನ್ಯಾವುದಿದೆ ಅಲ್ಲಿ?" ಎಂದರು. "ಮುಂದೆ ಮಾತ್ರ, ನೀನೇನಾ ಅವನು ಅಂತ ಕೇಳಿ ಬಿಟ್ಟುಬಿಡಬೇಡಿ. ಅವರಪ್ಪ ಇದ್ದಾರಾ, ಅವರ ಹೆಸರಲ್ಲಿ ಏನಾದರೂ ಇತ್ತಾ ಅಂತಲೂ ಕೇಳಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನನಗೆ ಸಾವಿರ ವರ್ಷ ಬೇಕಿರಲಿಲ್ಲ, ಇನ್ನೊಂದು ವರ್ಷದ ಲೈಸೆನ್ಸ್ ಸಾಕಿತ್ತು. ಅದು ಸಿಕ್ಕಿತು. ಅದರ ಮುಂದಿನ ವರ್ಷವೂ, ಅದರ ಮುಂದಿನದೂ. ಅವನಿಗೂ ಮುಂದಿನ ಬೆಳೆ ಬಲಿಯುವ ಮುಂಚೆ ಅವನ ಹೆಸರಿನಲ್ಲೇ ಕಾಗದ ಬಂತು. ಅಲ್ಲಿಯವರೆಗೆ ತಮಟೆ ಬಡಿದು ಹಂದಿ ಓಡಿಸಿದನಂತೆ. ಈಗ ನೆನೆದರೂ ಆ ಕಚೇರಿಯ ಮೆಟ್ಟಿಲಿಳಿದ ಗಳಿಗೆಯಲ್ಲಿ ನನ್ನ ಕಾಲು ಎಷ್ಟು ಹಗುರಾಗಿತ್ತೆಂಬುದು ಕಾಲಿಗೇ ನೆನಪಿದೆ.

ಹೆಂಡತಿ ಮಕ್ಕಳೊಂದಿಗೆ ಸ್ಟೇಷನ್ನಿನಲ್ಲಿ ಬುತ್ತಿ ಇಟ್ಟುಕೊಂಡು ಕಾಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಏನೂ ಕೇಳದೆ ಬುತ್ತಿ ಬಿಚ್ಚಿದಳು. ಅವನೂ ನಮ್ಮನ್ನು ರೈಲು ಹತ್ತಿಸಲು ಬಂದಿದ್ದ. ಎಲ್ಲರೂ ಪ್ಲಾಟ್‌ಫಾರಂನ ಕಲ್ಲುಬೆಂಚಿನ ಬಳಿ ಚಿತ್ರಾನ್ನ ತಿಂದೆವು. ಅತ್ತು ಅತ್ತು ಅವನ ಮುಖ ಊದಿತ್ತು, ಆದರೂ ಮೂರು ಸಲ ಬಡಿಸಿಕೊಂಡ. ಒಂದು ಸಲವೂ ರುಮಾಲು ಮುಟ್ಟಿಕೊಳ್ಳಲಿಲ್ಲ.

ರೈಲು ಬಂದು ನಾವು ಹತ್ತಿ ಕೂತ ಮೇಲೆ ಅವನು ಕಿಟಕಿಯ ಹತ್ತಿರ ಬಂದ. ಏನೋ ಹೇಳಬೇಕೆಂದು ತಡವರಿಸಿದ.

"ಏನಪ್ಪಾ?" ಎಂದಳು ಹೆಂಡತಿ.

"ಏನಿಲ್ಲ ಅಕ್ಕಾ. ಸ್ವಾಮೇರು ಒಂದ್ಸಲ ನನ್ ಎಸ್ರಿಡ್ದು ಕರೀಲಿ ಅಂತ. ಅಪ್ಪ ಓದ್ ಮೇಲೆ ಯಾರೂ ಕರ್ದಿಲ್ಲ."

ನನಗೆ ನಾಚಿಕೆಯಾಯಿತು. ಹೆಸರು ಕೇಳಿ ಅಭ್ಯಾಸವಿದ್ದವನು, ಕರೆದು ಅಭ್ಯಾಸವಿರಲಿಲ್ಲ. ಎದುರಿಗೇ ನಿಂತವನನ್ನು ಕರೆಯುವುದು ಹೇಗೆ? ಹೆಂಡತಿ ಮೊಣಕೈಯಿಂದ ತಿವಿದಳು. ಕರೆದೆ.

"ಓ" ಎಂದ ಅವನು.

ರೈಲು ಹೊರಟಿತು. "ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ಇನ್ನೊಂದ್ಸಲ ಕೂಗಿ" ಎಂದಳು ಹೆಂಡತಿ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಡಬ್ಬಿಯವರೆಲ್ಲ ತಿರುಗಿ ನೋಡುವಂತೆ ಅವನ ಹೆಸರನ್ನು ಕೂಗಿದೆ. ಪ್ಲಾಟ್‌ಫಾರಂನಿಂದ ಅವನು ಎರಡೂ ಕೈ ಎತ್ತಿ ಓಗೊಟ್ಟ.